ಅನುದಿನದ ಧ್ಯಾನ ಅರ್ಧಕ್ಕೇ ನಿಲ್ಲುವುದೇಕೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಅನುದಿನದ ಧ್ಯಾನದ ಬಗ್ಗೆ, ಅಂದರೆ ದಿನವೂ ಸತ್ಯವೇದದ (ಬೈಬಲಿನ) ಒಂದು ಭಾಗ ಓದಿ ಅದರ ಮೇಲೆ ಯೋಚಿಸುವ, ನಾಲ್ಕು ಮಾತು ಬರೆಯುವ ಅಭ್ಯಾಸದ ಬಗ್ಗೆ: ಬರೆಯುವವರದು, ಓದುವವರದು, ಶುರುಮಾಡಿ ಕೈಬಿಟ್ಟವರದು. ಐದನ್ನು ಆರಿಸಿಕೊಂಡಿದ್ದೇವೆ. ಅಧ್ಯಾಯ, ವಚನಗಳ ಸಂಖ್ಯೆ ಕೊಟ್ಟಿರುವುದು ಸುಮ್ಮನೆ ಅಲ್ಲ. ಸತ್ಯವೇದ ಪಕ್ಕದಲ್ಲಿಟ್ಟುಕೊಂಡು ಓದಿ.

ಪ್ರಶ್ನೆ: ನಮ್ಮ ಸಭೆಯ (ಚರ್ಚಿನ) ವಾಟ್ಸಾಪ್ ಗುಂಪಿಗೆ ದಿನವೂ ಬೆಳಿಗ್ಗೆ ತಾಳ್ಮೆ, ಪ್ರಾಮಾಣಿಕತೆ, ಶ್ರದ್ಧೆ ಇಂಥ ವಿಷಯಗಳ ಮೇಲೆ ಧ್ಯಾನ ಬರೆದು ಹಾಕುತ್ತೇನೆ. ಕೈಮುಗಿದ ಚಿತ್ರ ನಾಲ್ಕಾರು ಬರುತ್ತವೆ, ಓದಿದಂತೆ ಕಾಣುವುದಿಲ್ಲ. ಎಷ್ಟು ಉದ್ದ ಬರೆಯಬೇಕು, ಹೇಗೆ ಬರೆಯಬೇಕು? (ಓದುಗರು, ಗದಗ)

ಉತ್ತರ: ಮೊದಲು ಉದ್ದ. 150ರಿಂದ 180 ಪದ ಸಾಕು. ಗಟ್ಟಿಯಾಗಿ ಓದಿದರೆ ಎರಡು ನಿಮಿಷದೊಳಗೆ ಮುಗಿಯಬೇಕು. ‘ಕರ್ತನಲ್ಲಿ ಪ್ರಿಯರಾದ ಸಹೋದರ ಸಹೋದರಿಯರೇ, ಮುಂಜಾನೆಯ ವಂದನೆಗಳು’ ಎಂದು ಶುರುಮಾಡಿದರೆ ಫೋನಿನ ಪರದೆಯ ಮೇಲೆ ಕಾಣುವುದು ಅಷ್ಟೇ. ನಿನ್ನೆಯದೂ ಅದೇ, ಮೊನ್ನೆಯದೂ ಅದೇ. ತೆರೆದು ನೋಡುವವರು ಯಾರು? ವಂದನೆ ಕೊನೆಗೆ ಬರಲಿ, ಮೊದಲ ಸಾಲಿನಲ್ಲೇ ವಿಷಯ ಕಾಣಲಿ.

ನೀವು ಕಳಿಸಿದ ಮಾದರಿಗಳಲ್ಲಿ ಇದಕ್ಕಿಂತ ದೊಡ್ಡ ತೊಡಕು ಬೇರೆ ಇದೆ. ವಿಷಯವನ್ನು ಮೊದಲು ಆರಿಸಿ ವಚನವನ್ನು ಆಮೇಲೆ ಹುಡುಕಿದ್ದೀರಿ. ‘ತಾಳ್ಮೆ’ ಎಂಬ ಪದ ಎಲ್ಲೆಲ್ಲಿದೆ ಎಂದು ನೋಡಿ ನಾಲ್ಕು ಪುಸ್ತಕಗಳಿಂದ ನಾಲ್ಕು ವಚನ ಕಿತ್ತು ತಂದು ಸಾಲಾಗಿ ನಿಲ್ಲಿಸಿದರೆ ಯಾವುದಕ್ಕೂ ಹಿಂದುಮುಂದು ಉಳಿಯುವುದಿಲ್ಲ. ಕೊನೆಗೆ ಸಿಗುವುದು ‘ನಾವೂ ತಾಳ್ಮೆಯಿಂದಿರೋಣ’ ಎಂಬ, ಯಾರೂ ಅಲ್ಲಗಳೆಯದ, ಯಾರೂ ನೆನಪಿಡದ ಮಾತು. ತಿರುವುಮುರುವು ಮಾಡಿ. ಒಂದು ಅಧ್ಯಾಯ ಪೂರ್ತಿ ಓದಿ, ಹಾಳೆಯ ಮೇಲೆ ಮೂರು ಸಂಗತಿ ಬರೆದುಕೊಳ್ಳಿ: ಯಾರು ಯಾರಿಗೆ ಹೇಳುತ್ತಿದ್ದಾರೆ, ಇದಕ್ಕೆ ಮುಂಚೆ ಏನು ನಡೆದಿತ್ತು, ಇದಾದ ಮೇಲೆ ಅವರು ಏನು ಮಾಡಿದರು. ವಿಷಯ ಅಲ್ಲಿಂದಲೇ ಎದ್ದು ಬರುತ್ತದೆ.

ನೆಹೆಮೀಯ 4ನೇ ಅಧ್ಯಾಯವನ್ನೇ ತೆಗೆದುಕೊಳ್ಳಿ. ನೆಹೆಮೀಯನ ಮುಂದಾಳ್ತನದಲ್ಲಿ ಯೆಹೂದದವರು ಯೆರೂಸಲೇಮಿನ ಕೆಡವಿದ ಗೋಡೆಯನ್ನು ಮತ್ತೆ ಕಟ್ಟುತ್ತಿದ್ದಾರೆ. ಪ್ರಸಂಗಗಳಲ್ಲಿ ಸಾಮಾನ್ಯವಾಗಿ ಕೇಳಿಬರುವುದು ಹೊರಗಿನವರ ಗೇಲಿ. ನರಿ ಹತ್ತಿದರೂ ಆ ಗೋಡೆ ಬೀಳುತ್ತದೆ ಎಂದ, ಆ ಕೆಲಸದ ವಿರೋಧಿ ಟೋಬೀಯನ ಮಾತು (4:3). ಇನ್ನೂ ಸ್ವಲ್ಪ ಮುಂದೆ ಓದಿ. 6ನೇ ವಚನದಲ್ಲಿ ಗೋಡೆ ಅರ್ಧ ಎತ್ತರಕ್ಕೆ ಬಂದಿದೆ, ಜನರಿಗೆ ಹುರುಪೂ ಇದೆ. 10ನೇ ವಚನಕ್ಕೆ ಬರುವಷ್ಟರಲ್ಲಿ ಯೆಹೂದದವರೇ ಹೇಳುತ್ತಾರೆ: ಹೊರುವವರ ಶಕ್ತಿ ಕುಂದಿತು, ಕೆಡವಿದ ಮಣ್ಣುಕಲ್ಲು ರಾಶಿ ಬಿದ್ದಿದೆ, ನಮ್ಮಿಂದಾಗದು. ಕೈಚೆಲ್ಲಿದವರು ಕೆಲಸಗಾರರೇ, ಅದೂ ಅರ್ಧ ಮುಗಿದ ಮೇಲೆ. ಅವರನ್ನು ದಣಿಸಿದ್ದು ಹೊಸದಾಗಿ ಕಟ್ಟುವ ಕೆಲಸಕ್ಕಿಂತ ಹಳೆಯದರ ಅವಶೇಷ ತೆಗೆದು ಹಾಕುವ ಕೆಲಸ. ನೆಹೆಮೀಯ ಪ್ರಾರ್ಥಿಸಿ ಕಾವಲು ಇಟ್ಟ (4:9), ಜನರನ್ನು ಕುಟುಂಬ ಕುಟುಂಬವಾಗಿ ನಿಲ್ಲಿಸಿದ (4:13), ತನ್ನ ಆಳುಗಳಲ್ಲಿ ಅರ್ಧ ಜನರನ್ನು ಕೆಲಸಕ್ಕೂ ಅರ್ಧ ಜನರನ್ನು ಕಾವಲಿಗೂ ಹಚ್ಚಿದ (4:16). ಹೊಲ, ದ್ರಾಕ್ಷಿತೋಟ ಒತ್ತೆಯಿಟ್ಟವರ ಕೂಗು ಕೇಳಿ ಸಾಲ ಕೊಟ್ಟವರಿಂದ ಬಡ್ಡಿ ಬಿಡಿಸಿದ (5ನೇ ಅಧ್ಯಾಯ). ಗೋಡೆ 52 ದಿನಗಳಲ್ಲಿ ಮುಗಿಯಿತು (6:15).

ಇದೆಲ್ಲವನ್ನೂ ಒಂದೇ ಧ್ಯಾನದಲ್ಲಿ ತುರುಕಬೇಡಿ. ಇದು ಒಂದು ವಾರಕ್ಕಾಗುವ ಸಾಮಗ್ರಿ. ಒಂದು ದಿನ 10ನೇ ವಚನ ಮಾತ್ರ. ಮುಕ್ತಾಯ ಹೀಗಿರಬಹುದು: ‘ಅರ್ಧಕ್ಕೆ ನಿಲ್ಲಿಸಿದ ಒಂದು ಕೆಲಸವನ್ನು ಚೀಟಿಯಲ್ಲಿ ಬರೆಯಿರಿ. ಅದಕ್ಕೆ ಅಡ್ಡ ಬಿದ್ದಿರುವ ಮಣ್ಣುಕಲ್ಲು ಯಾವುದು? ಸಿಗದ ದಾಖಲೆಯೇ, ಮಾತು ಬಿಟ್ಟ ನೆಂಟರೇ, ತೀರದ ಕೈಸಾಲವೇ? ಸಂಜೆಯೊಳಗೆ ಅದರಲ್ಲಿ ಒಂದು ಬುಟ್ಟಿ ಮಾತ್ರ ಎತ್ತಿ ಹಾಕಿ.’ ಕೊನೆಯಲ್ಲಿ ಹೇಳುವ ಕೆಲಸ ಹದಿನೈದು ನಿಮಿಷದಲ್ಲಿ ಆಗುವಂಥದ್ದಾಗಿರಬೇಕು, ಮಾಡಿದೆನೋ ಇಲ್ಲವೋ ಎಂದು ರಾತ್ರಿ ಹೇಳಲು ಬರಬೇಕು. ‘ತಾಳ್ಮೆಯಿಂದಿರೋಣ’ ಎಂಬುದನ್ನು ಹಾಗೆ ಅಳೆಯಲಾಗದು.

ಇನ್ನೊಂದು ಮಾತು. ದೇವರನ್ನು ನಿರೀಕ್ಷಿಸುವವರು ಹದ್ದುಗಳಂತೆ ಏರುವರು ಎನ್ನುವ ಯೆಶಾಯ 40:31ರ ಜೊತೆಗೆ ಹದ್ದಿನ ಕಥೆ ಹಾಕಿದ್ದೀರಿ: ನಲವತ್ತು ವರ್ಷಕ್ಕೆ ಹದ್ದು ಬಂಡೆಗೆ ಕೊಕ್ಕು ಬಡಿದು ಮುರಿದುಕೊಂಡು, ಉಗುರು, ಗರಿ ಕಿತ್ತುಕೊಂಡು, ಹೊಸದು ಬೆಳೆದು ಮತ್ತೆ ಮೂವತ್ತು ವರ್ಷ ಬದುಕುತ್ತದೆ ಎಂಬುದು. ಇದು ಶುದ್ಧ ಕಟ್ಟುಕಥೆ. ಕೊಕ್ಕು ಮುರಿದ ಹದ್ದು ಮಾಂಸ ಹರಿಯಲಾಗದೆ ಉಪವಾಸ ಸಾಯುತ್ತದೆ. ಗರಿಗಳು ಎಲ್ಲ ಹಕ್ಕಿಗಳಿಗೂ ಆಗಾಗ ಉದುರಿ ತಾವಾಗಿಯೇ ಹುಟ್ಟುತ್ತವೆ. ಗುಂಪಿನಲ್ಲಿರುವ ಹೈಸ್ಕೂಲು ಹುಡುಗ ಇದನ್ನು ಪತ್ತೆಹಚ್ಚಿದ ದಿನ ನಿಮ್ಮ ಉಳಿದ ಮಾತಿನ ಮೇಲೂ ಅವನಿಗೆ ಅನುಮಾನ ಬರುತ್ತದೆ. ಆ ವಚನಕ್ಕೆ ಅಂಥ ಕಥೆಯ ಆಸರೆ ಬೇಕಾಗಿಯೂ ಇಲ್ಲ. ಅದರಲ್ಲಿ ಹಾರುವವರಿದ್ದಾರೆ, ಓಡುವವರಿದ್ದಾರೆ, ಕೊನೆಗೆ ನಡೆಯುವವರಿದ್ದಾರೆ. ನಡೆಯುವವರ ಬಗ್ಗೆ ಬರೆಯಿರಿ. ನಿಮ್ಮ ಗುಂಪಿನಲ್ಲಿ ಹೆಚ್ಚಿನವರು ಅವರೇ.

ಪ್ರಶ್ನೆ: ಪ್ರತಿ ಜನವರಿ 1ರಂದು ಆದಿಕಾಂಡದಿಂದ ಓದಲು ಶುರುಮಾಡುತ್ತೇನೆ. ಫೆಬ್ರವರಿ ಹೊತ್ತಿಗೆ ನಿಂತುಹೋಗುತ್ತದೆ. ನನ್ನಲ್ಲಿ ಶ್ರದ್ಧೆಯೇ ಇಲ್ಲವೇ? (ಬ್ಯಾಂಕ್ ಉದ್ಯೋಗಿ, ಶಿವಮೊಗ್ಗ)

ಉತ್ತರ: ಬ್ಯಾಂಕಿನವರಿಗೆ ಲೆಕ್ಕವೇ ಉತ್ತರ ಹೇಳುತ್ತದೆ. ಸತ್ಯವೇದದ 66 ಪುಸ್ತಕಗಳಲ್ಲಿ ಒಟ್ಟು 1189 ಅಧ್ಯಾಯ. ವರ್ಷದಲ್ಲಿ ಮುಗಿಸಲು ದಿನಕ್ಕೆ ಮೂರಕ್ಕಿಂತ ತುಸು ಹೆಚ್ಚು ಬೇಕು. ದಿನಕ್ಕೆ ಮೂರರಂತೆ ಹೋದರೆ ಆದಿಕಾಂಡದ 50, ವಿಮೋಚನಕಾಂಡದ 40 ಅಧ್ಯಾಯಗಳು ಜನವರಿ 30ಕ್ಕೆ ಮುಗಿಯುತ್ತವೆ. 31ರಂದು ಯಾಜಕಕಾಂಡ: ಬಲಿಗಳ ಬಗೆಗಳು, ಕುಷ್ಠದ ಪರೀಕ್ಷೆ, ಮೈಲಿಗೆಯ ನಿಯಮಗಳು. ಕಥೆ ನಿಂತಿತು, ಓದೂ ನಿಂತಿತು. ನಡುವೆ ಎರಡು ದಿನ ತಪ್ಪಿದ್ದರೆ ಆರು ಅಧ್ಯಾಯ ಬಾಕಿ. ಬಾಕಿ ಬೆಳೆದಂತೆ ಪುಸ್ತಕ ತೆರೆಯಲು ಕೈ ಬಾರದು. ಇದರಲ್ಲಿ ನಿಮ್ಮ ಶ್ರದ್ಧೆಗಿಂತ ಯೋಜನೆಯ ದೋಷವೇ ಹೆಚ್ಚು.

ಸ್ವಭಾವ, ನಡತೆ ತಿದ್ದಿಕೊಳ್ಳುವುದು ನಿಮ್ಮ ಉದ್ದೇಶವಾದರೆ ಯಾಕೋಬನ ಪತ್ರಿಕೆಯಿಂದ (ಸತ್ಯವೇದದಲ್ಲಿರುವ ಒಂದು ಪತ್ರ) ಶುರುಮಾಡಿ. ಐದೇ ಅಧ್ಯಾಯ, 108 ವಚನ. ದಿನಕ್ಕೆ ನಾಲ್ಕು ವಚನದಂತೆ 27 ದಿನ; ತಿಂಗಳಲ್ಲಿ ಮೂರು ದಿನ ತಪ್ಪಿಸಿಕೊಳ್ಳಲು ಮೊದಲೇ ಜಾಗ ಸಿಕ್ಕಿತು. ಮಾರನೆಯ ತಿಂಗಳು ಜ್ಞಾನೋಕ್ತಿಗಳು: 31 ಅಧ್ಯಾಯ, ತಾರೀಕು ಎಷ್ಟೋ ಅಷ್ಟನೆಯ ಅಧ್ಯಾಯ. 12ರಂದು ತಪ್ಪಿದರೆ 13ರಂದು 13ನೆಯದನ್ನೇ ಓದಿ. ಬಿಟ್ಟದ್ದು ಮುಂದಿನ ತಿಂಗಳು ತಾನಾಗಿ ಬರುತ್ತದೆ. 10ನೇ ಅಧ್ಯಾಯದಿಂದ ಮುಂದೆ ಬಹುಪಾಲು ಎರಡೆರಡು ಸಾಲಿನ ಬಿಡಿ ಮಾತುಗಳಿರುವುದರಿಂದ ಅಧ್ಯಾಯವಿಡೀ ಓದಿ ಒಂದನ್ನು ಮಾತ್ರ ಇಟ್ಟುಕೊಳ್ಳಿ. ಚಿಕ್ಕ ನೋಟ್‌ಬುಕ್ಕಿನಲ್ಲಿ ದಿನಕ್ಕೊಂದೇ ಸಾಲು: ತಾರೀಕು, ವಚನ, ಮಾಡಬೇಕಾದ ಕೆಲಸ, ಆಯಿತು ಅಥವಾ ಇಲ್ಲ. ಪುಟಗಟ್ಟಲೆ ಬರೆಯುವವರು ಬೇಗ ನಿಲ್ಲಿಸುತ್ತಾರೆ. ಯಾಜಕಕಾಂಡಕ್ಕೆ ಆಮೇಲೆ ಹೋಗಿ, ವಿವರಣೆ ಇರುವ ಪುಸ್ತಕ ಇಟ್ಟುಕೊಂಡು. ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಎಂಬ ಆಜ್ಞೆ ಇರುವುದೂ ಅದರಲ್ಲೇ (19:18).

ಪ್ರಶ್ನೆ: ಗಾರ್ಮೆಂಟ್ಸ್ ಕೆಲಸ, ಬೆಳಿಗ್ಗೆ ಅಡುಗೆ, ಬಸ್ಸು. ಮುಂಜಾನೆ ಧ್ಯಾನಕ್ಕೆ ಕೂರಲು ಆಗುವುದೇ ಇಲ್ಲ. ಸಂಜೆ ಮಾಡಿದರೆ ನಡೆಯುತ್ತದೆಯೇ? (ಓದುಗರು, ಬೆಂಗಳೂರು)

ಉತ್ತರ: ನಡೆಯುತ್ತದೆ. ಯೇಸು ನಸುಕಿನಲ್ಲಿ ಪ್ರಾರ್ಥಿಸಿದ್ದೂ ಇದೆ (ಮಾರ್ಕ 1:35), ಇಸಾಕ ಸಂಜೆ ಅಡವಿಯಲ್ಲಿ ಧ್ಯಾನಕ್ಕೆ ಹೋದದ್ದೂ ಇದೆ (ಆದಿಕಾಂಡ 24:63). ಗಡಿಯಾರದ ಹೊತ್ತು ಗೊತ್ತು ಮಾಡುವುದಕ್ಕಿಂತ, ದಿನವೂ ತಪ್ಪದೆ ಮಾಡುವ ಒಂದು ಕೆಲಸಕ್ಕೆ ಧ್ಯಾನವನ್ನು ಗಂಟು ಹಾಕಿ: ಕೆಲಸ ಬಿಟ್ಟು ಬಸ್ಸಿನಲ್ಲಿ ಕುಳಿತ ಕೂಡಲೇ, ಅಥವಾ ಮನೆಗೆ ಬಂದು ಟೀ ಕುಡಿಯುವಾಗ. ಮಲಗುವ ಹೊತ್ತಿಗೆ ಮಾತ್ರ ಬೇಡ, ನಿದ್ದೆಯೇ ಗೆಲ್ಲುತ್ತದೆ. ಸಂಜೆ ಓದಿದ್ದರ ಕೆಲಸವನ್ನು ಮಾರನೆಯ ದಿನ ಮಾಡಿದರಾಯಿತು.

ಪ್ರಶ್ನೆ: ಡಿಸೆಂಬರ್ 31ರ ರಾತ್ರಿ ಆರಾಧನೆಯಲ್ಲಿ ನನಗೆ ಬಂದ ವಾಗ್ದಾನದ ಕಾರ್ಡಿನಲ್ಲಿ (ಹೊಸ ವರ್ಷಕ್ಕೆಂದು ಒಂದು ವಚನ ಅಚ್ಚುಹಾಕಿ ಕೊಡುವ ಕಾರ್ಡು) ಯೆರೆಮೀಯ 29:11 ಇತ್ತು. ವರ್ಷ ಮುಗಿಯುತ್ತ ಬಂತು, ಹೋದ ಇಂಟರ್‌ವ್ಯೂಗಳೆಲ್ಲ ವ್ಯರ್ಥವಾದವು. ನಿನಗೆ ನಂಬಿಕೆ ಸಾಲದು ಅನ್ನುತ್ತಾರೆ. (ಪದವೀಧರೆ, ಬೀದರ್)

ಉತ್ತರ: ಹಾಗೆ ಹೇಳುವವರು ಹಿಂದಿನ ಅಧ್ಯಾಯ ಓದಿಲ್ಲ. ನಿಮಗಾಗಿ ಒಳ್ಳೆಯ ಆಲೋಚನೆ, ಭವಿಷ್ಯ, ನಿರೀಕ್ಷೆ ಇಟ್ಟಿದ್ದೇನೆ ಎಂಬ ಆ ಮಾತು ಬಾಬೆಲಿಗೆ (ಬ್ಯಾಬಿಲೋನಿಗೆ) ಸೆರೆಹೋದವರಿಗೆ ಪ್ರವಾದಿ ಯೆರೆಮೀಯ ಬರೆದ ಪತ್ರದಲ್ಲಿದೆ. 28ನೇ ಅಧ್ಯಾಯದಲ್ಲಿ ಹನನ್ಯನೆಂಬ ಪ್ರವಾದಿ ಎರಡೇ ವರ್ಷದಲ್ಲಿ ಎಲ್ಲರೂ ಊರಿಗೆ ಮರಳುತ್ತಾರೆ ಎಂದು ಜನರೆದುರು ಸಾರಿದ್ದ (28:3-4). ಯೆರೆಮೀಯನ ಪತ್ರ ಹೇಳುವುದು 70 ವರ್ಷ (29:10). ಕಾರ್ಡಿನಲ್ಲಿ ಅಚ್ಚಾಗುವುದು 11, 10 ಅಚ್ಚಾಗುವುದಿಲ್ಲ. ಒಂದೇ ವರ್ಷದಲ್ಲಿ ಕೈಗೂಡಲೇಬೇಕೆಂದು ಓದಿದರೆ ಯೆರೆಮೀಯನ ವಚನದಲ್ಲಿ ಹನನ್ಯನ ಮಾತು ಕೇಳಿಸಿಕೊಂಡಂತೆ. ಫಿಲಿಪ್ಪಿ 4:13ಕ್ಕೂ ಇದೇ ಗತಿ. ಎಲ್ಲಕ್ಕೂ ಶಕ್ತನಾಗಿದ್ದೇನೆ ಎನ್ನುವ ಮುಂಚೆ ಪೌಲ ಹಸಿವನ್ನೂ ಕೊರತೆಯನ್ನೂ ತಾನು ಕಲಿತ ಪಾಠವೆಂದು ಎಣಿಸುತ್ತಾನೆ (4:12). ಪರೀಕ್ಷೆ ಪಾಸಾಗುವ ಮಂತ್ರ ಅಲ್ಲಿಲ್ಲ.

ನಿಮ್ಮ ಕೆಲಸಕ್ಕೆ ಬರುವುದು 29:5-7. ಮನೆ ಕಟ್ಟಿ, ತೋಟ ಹಾಕಿ ಅದರ ಫಲ ತಿನ್ನಿ, ನೀವಿರುವ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿ ಎಂದು ಬರೆದಿದೆ. ಬಿಡುಗಡೆ ಬರುವವರೆಗೆ ಕೈಕಟ್ಟಿ ಕೂರಲು ಹೇಳಿಲ್ಲ. ಇದನ್ನು ವಾರಕ್ಕೊಂದರಂತೆ ಧ್ಯಾನಿಸಿ ಕೆಲಸಕ್ಕಿಳಿಸಿ. ಇಂಟರ್‌ವ್ಯೂನಲ್ಲಿ ಉತ್ತರ ಬಾರದ ಪ್ರಶ್ನೆಗಳನ್ನು ಅಂದೇ ಬರೆದಿಟ್ಟು, ಮುಂದಿನದಕ್ಕೆ ಮೊದಲು ಅವನ್ನೇ ತಯಾರು ಮಾಡಿ. ಸಂಬಳ ಕಡಿಮೆಯಾದರೂ ಅನುಭವ ಸಿಗುವ ಕೆಲಸ ಹಿಡಿದರೆ ವಾಗ್ದಾನ ಬಿಟ್ಟುಕೊಟ್ಟಂತಲ್ಲ, ತೋಟ ಹಾಕಿದಂತೆ.

ಪ್ರಶ್ನೆ: ಗಂಡ ಕುಡಿದು ಬಂದು ಹೊಡೆಯುತ್ತಾರೆ. ಪ್ರಾರ್ಥನಾ ಕೂಟದಲ್ಲಿ ಹೇಳಿಕೊಂಡರೆ, ಯೋಬನ ತಾಳ್ಮೆ ನೋಡಮ್ಮಾ, ತಾಳಿಕೋ ಎಂದು ವಚನ ಕಳಿಸುತ್ತಾರೆ. ಎಷ್ಟು ದಿನ ತಾಳಬೇಕು? (ಹೆಸರು, ಊರು ಬೇಡ ಎಂದಿದ್ದಾರೆ)

ಉತ್ತರ: ಏಟನ್ನು ಒಂದು ದಿನವೂ ತಾಳಬೇಕಾಗಿಲ್ಲ. ಯೋಬನ ತಾಳ್ಮೆಯ ಮಾತು ಬರುವ ಯಾಕೋಬ 5:11ಕ್ಕಿಂತ ಏಳು ವಚನ ಹಿಂದೆ, ಕೂಲಿಯಾಳುಗಳ ಸಂಬಳ ಹಿಡಿದಿಟ್ಟುಕೊಂಡ ಧನಿಕರನ್ನು ಅದೇ ಪತ್ರಿಕೆ ಛೀಮಾರಿ ಹಾಕುತ್ತದೆ. ಆ ಕೂಗು ದೇವರ ಕಿವಿಗೆ ಬಿದ್ದಿದೆ ಎನ್ನುತ್ತದೆ. ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳೆದುಕೊಂಡ ಯೋಬನೂ ಬಾಯಿಮುಚ್ಚಿ ಕೂತವನಲ್ಲ. ಅಧ್ಯಾಯಗಟ್ಟಲೆ ದೂರಿದ, ಕೊನೆಗೆ ದೇವರ ಕೋಪ ತಿರುಗಿದ್ದು ಅವನಿಗೆ ಉಪದೇಶ ಹೇಳಿದ ಗೆಳೆಯರ ಮೇಲೆ (42:7). ಅರಸ ಸೌಲ ಈಟಿ ಎಸೆದಾಗ ದಾವೀದ ತಪ್ಪಿಸಿಕೊಂಡು ಓಡಿದ (1 ಸಮುವೇಲ 19:10). ಪೌಲ ಚಾವಟಿಯ ಏಟು ಬೀಳುವ ಮುಂಚೆ ರೋಮಾ ಪೌರನ ಹಕ್ಕು ಎತ್ತಿದ (ಅಪೊಸ್ತಲರ ಕೃತ್ಯಗಳು 22:25). ಹೆಂಡತಿಗೆ ಗೌರವ ಕೊಡದವನ ಪ್ರಾರ್ಥನೆಗೆ ಅಡ್ಡಿಯಾಗುತ್ತದೆ ಎಂದು 1 ಪೇತ್ರ 3:7 ಎಚ್ಚರಿಸುತ್ತದೆ. ಈ ವಚನವನ್ನು ಗಂಡಸರಿಗೆ ಕಳಿಸುವವರು ಕಡಿಮೆ.

ಅಪಾಯ ಎದುರಿಗಿದ್ದರೆ 112, ಸಲಹೆ ಮತ್ತು ಸಹಾಯಕ್ಕೆ ಮಹಿಳಾ ಸಹಾಯವಾಣಿ 181. ಆಧಾರ್, ಬ್ಯಾಂಕ್ ಪಾಸ್‌ಬುಕ್, ಮಕ್ಕಳ ಜನನ ಪ್ರಮಾಣಪತ್ರ, ಸ್ವಲ್ಪ ಹಣ, ದಿನಾ ತೆಗೆದುಕೊಳ್ಳುವ ಮಾತ್ರೆ ಇವನ್ನು ನಂಬಿಕೆಯ ನೆರೆಮನೆಯಲ್ಲಿ ಇಟ್ಟಿರಿ. ಗಾಯವಾದರೆ ಜಾರಿ ಬಿದ್ದೆ ಎನ್ನದೆ, ಯಾರು ಹೊಡೆದರೆಂದು ವೈದ್ಯರಿಗೆ ಹೇಳಿ ಬರೆಸಿ. ಮುಂದೆ ಅದೇ ದಾಖಲೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿ ರಕ್ಷಣಾ ಆದೇಶ ಕೇಳಬಹುದು. ಮನೆ ಗಂಡನ ಹೆಸರಿನಲ್ಲಿದ್ದರೂ ಅದರಲ್ಲಿ ವಾಸಿಸುವ ಹಕ್ಕು ನಿಮಗಿದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ವಕೀಲರ ನೆರವು ಉಚಿತ.

ಗಂಡನನ್ನೂ ನಿಮ್ಮನ್ನೂ ಎದುರುಬದುರು ಕೂರಿಸಿ ರಾಜಿ ಮಾಡಿಸುತ್ತೇವೆಂದು ಸಭೆಯ ಹಿರಿಯರು ಕರೆದರೆ ಒಪ್ಪಬೇಡಿ. ಅಲ್ಲಿ ಆಡಿದ ಮಾತಿಗೆ ಮನೆಯಲ್ಲಿ ಏಟು ಬೀಳಬಹುದು. ಬೇರೆಯಾಗಿ ಮಾತನಾಡಬೇಕೆಂದು ಕೇಳಿ, ಹೋಗುವಾಗ ನಿಮ್ಮ ಪರ ನಿಲ್ಲುವ ಹೆಣ್ಣುಮಗಳೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ.