ಓದುಗರ ಪ್ರಶ್ನೆ: ಕಂಪನಿ ಕೊಡ್ತೀನಿ ಅಂದ ದುಡ್ಡು ನಿಜಕ್ಕೂ ಎಷ್ಟು?

ಪ್ರಶ್ನೆ: ಪೀಣ್ಯದ ಕಾರ್ಖಾನೆಯೊಂದರಲ್ಲಿ 24 ವರ್ಷದಿಂದ ಮೆಷಿನ್ ಆಪರೇಟರ್ ಆಗಿದ್ದೇನೆ. ವಯಸ್ಸು 51, ನಿವೃತ್ತಿ 58ಕ್ಕೆ. ಬೇಸಿಕ್ ಮತ್ತು ಡಿಎ ಸೇರಿ 48,000 ರೂಪಾಯಿ, ಒಟ್ಟು ಸಂಬಳ 72,000. ಈಗ ವಿಆರ್‌ಎಸ್ (ಸ್ವಯಂ ನಿವೃತ್ತಿ ಯೋಜನೆ) ನೋಟಿಸ್ ಹಾಕಿದ್ದಾರೆ. ಸರ್ವಿಸ್‌ನ ಪ್ರತಿ ವರ್ಷಕ್ಕೆ 45 ದಿನದ ಸಂಬಳ, ಎಲ್ಲ ಸೇರಿ 45 ಲಕ್ಷದ ಪ್ಯಾಕೇಜ್ ಅನ್ನುತ್ತಾರೆ. ಮಾರ್ಚ್ 31ಕ್ಕೆ ರಿಲೀವ್ ಮಾಡುತ್ತಾರಂತೆ. ಮಗಳು ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದಾಳೆ. ತಗೊಳ್ಳಲೇ, ಬಿಡಲೇ?
– ಹೆಸರು ಬೇಡ, ದಾಸರಹಳ್ಳಿ

ಉತ್ತರ: ನೀವು ಕಳಿಸಿದ ಲೆಕ್ಕದ ಹಾಳೆಯಲ್ಲಿ ನಾಲ್ಕು ಸಾಲುಗಳಿವೆ: ಪಿಎಫ್ 19 ಲಕ್ಷ, ಗ್ರಾಚ್ಯುಟಿ 6.65 ಲಕ್ಷ, 150 ದಿನದ ಗಳಿಕೆ ರಜೆಗೆ 2.40 ಲಕ್ಷ, ವಿಆರ್‌ಎಸ್ ಪರಿಹಾರ 17.28 ಲಕ್ಷ. ಮೊದಲ ಮೂರು ಸಾಲುಗಳ ಮೇಲೆ ಗೆರೆ ಎಳೆಯಿರಿ. ಅದು ನಿಮ್ಮದೇ ದುಡ್ಡು. ನಾಳೆ ಬರೀ ರಾಜೀನಾಮೆ ಕೊಟ್ಟು ಹೊರಟರೂ ಪಿಎಫ್ ಮತ್ತು ಗ್ರಾಚ್ಯುಟಿ ಬರಲೇಬೇಕು; ರಜೆಯ ಹಣ ಕಂಪನಿಯ ರಜೆ ನಿಯಮದಂತೆ ಬರುತ್ತದೆ. ಕಂಪನಿ ಹೊಸದಾಗಿ ಕೊಡುತ್ತಿರುವುದು 17.28 ಲಕ್ಷ ಮಾತ್ರ.

ಅದನ್ನು ತಿಂಗಳ ಲೆಕ್ಕಕ್ಕೆ ಇಳಿಸಿ ನೋಡಿ. ಈಗಿನ ಸಂಬಳದಲ್ಲಿ ಅದು ಸರಿಯಾಗಿ 24 ತಿಂಗಳು. ನಿಮಗೆ ಉಳಿದಿರುವ ಸರ್ವಿಸ್ 84 ತಿಂಗಳು. ಇಂಕ್ರಿಮೆಂಟ್ ಒಂದೂ ಬರದಿದ್ದರೂ ಆ 84 ತಿಂಗಳ ಸಂಬಳ 60.48 ಲಕ್ಷ, ಕಂಪನಿ ಕಟ್ಟುವ ಶೇ 12ರ ಪಿಎಫ್ 4.84 ಲಕ್ಷ, ಏಳು ವರ್ಷದ ಹೆಚ್ಚುವರಿ ಗ್ರಾಚ್ಯುಟಿ 1.94 ಲಕ್ಷ, ಒಟ್ಟು 67 ಲಕ್ಷ ದಾಟುತ್ತದೆ. 17.28 ಲಕ್ಷವನ್ನು ಕಳೆದರೆ ಸುಮಾರು 50 ಲಕ್ಷದ ತೂತು. ಅದನ್ನು ಮುಚ್ಚಲು ಮುಂದಿನ ಏಳು ವರ್ಷ ತಿಂಗಳಿಗೆ 59 ಸಾವಿರದಷ್ಟು ದುಡಿಯಬೇಕು. ಬಡ್ಡಿಯಲ್ಲಿ ಬದುಕುತ್ತೇನೆ ಅನ್ನುವ ಮಾತು ಬೇಡ: ಶೇ 7ರಂತೆ ಹಿಡಿದರೂ 17.28 ಲಕ್ಷಕ್ಕೆ ತಿಂಗಳಿಗೆ ಬರುವುದು ಹತ್ತು ಸಾವಿರ.

ಹಾಗಂತ ಬಿಟ್ಟುಬಿಡಿ ಎಂದು ಇಷ್ಟರಿಂದಲೇ ಹೇಳಲಾಗದು. ಕಾರ್ಖಾನೆ ಏಳು ವರ್ಷ ನಡೆಯುತ್ತದೆಯೇ ಎಂಬುದೇ ನಿಜವಾದ ಪ್ರಶ್ನೆ. ಕೆಲಸದಿಂದ ತೆಗೆದರೆ ಕಾರ್ಮಿಕರಿಗೆ ಕಾನೂನಿನ ಪರಿಹಾರ ಪ್ರತಿ ವರ್ಷದ ಸರ್ವಿಸ್‌ಗೆ 15 ದಿನದ ವೇತನ. ಬೇಸಿಕ್–ಡಿಎ ಮೇಲೆ ಹಿಡಿದರೆ ನಿಮಗೆ 5.76 ಲಕ್ಷ. ವಿಆರ್‌ಎಸ್‌ಗಿಂತ ಇದು 11.52 ಲಕ್ಷ ಕಡಿಮೆ, ಅಂದರೆ ನಿಮ್ಮ 16 ತಿಂಗಳ ಸಂಬಳ. ಕಾರ್ಖಾನೆ ಇನ್ನು ಒಂದು ವರ್ಷ ನಾಲ್ಕು ತಿಂಗಳಿಗಿಂತ ಹೆಚ್ಚು ನಡೆಯುವುದಾದರೆ ಉಳಿದವರಿಗೇ ಲಾಭ, ಅದಕ್ಕೆ ಮುಂಚೆ ಬಾಗಿಲು ಹಾಕಿದರೆ ಹೊರಟವರಿಗೆ ಲಾಭ. ಕಂಪನಿ ದಿವಾಳಿಗೆ ಹೋದರೆ ಮಾತ್ರ ಲೆಕ್ಕ ಕೆಡುತ್ತದೆ. ದಿವಾಳಿ ಸಂಹಿತೆಯಲ್ಲಿ ಕಾರ್ಮಿಕರ ಹಿಂದಿನ 24 ತಿಂಗಳ ಬಾಕಿಗೆ ಅಡಮಾನ ಸಾಲ ಕೊಟ್ಟ ಬ್ಯಾಂಕುಗಳ ಸಮಾನ ಸ್ಥಾನವೇನೋ ಇದೆ, ಆದರೆ ಹಣ ಕೈಗೆ ಬರಲು ವರ್ಷಗಳು ಹಿಡಿಯಬಹುದು.

ಬಾಗಿಲು ಹಾಕುವ ಸೂಚನೆ ಎಲ್ಲಿ ಸಿಗುತ್ತದೆ? ಕ್ಯಾಂಟೀನ್ ಮಾತಿನಲ್ಲಿ ಅಲ್ಲ. ಪಿಎಫ್ ಪಾಸ್‌ಬುಕ್ ತೆರೆದು ಕಳೆದ 12 ತಿಂಗಳ ಜಮೆ ನೋಡಿ. ಮುಂದಿನ ತಿಂಗಳ 15ರೊಳಗೆ ಕಟ್ಟಬೇಕಾದ ಹಣ ಎರಡು ಮೂರು ತಿಂಗಳು ತಡವಾಗುತ್ತಿದ್ದರೆ ಕಂಪನಿಯ ಕೈಯಲ್ಲಿ ಕಾಸಿಲ್ಲ ಎಂದೇ ಅರ್ಥ. ಮೆಷಿನ್‌ಗಳು ಬೇರೆ ಊರಿನ ಘಟಕಕ್ಕೆ ಹೋಗುತ್ತಿವೆಯೇ, ಕಚ್ಚಾ ಮಾಲಿನ ದಾಸ್ತಾನು ಇಳಿಯುತ್ತಿದೆಯೇ, ಓವರ್‌ಟೈಮ್ ನಿಂತಿದೆಯೇ, ಸಪ್ಲೈಯರ್‌ಗಳಿಗೆ ಬಾಕಿ ಉಳಿದಿದೆಯೇ ನೋಡಿ. ಪೀಣ್ಯದಲ್ಲಿ ಜಾಗದ ಬೆಲೆಯೇ ಕಾರ್ಖಾನೆಗಿಂತ ಹೆಚ್ಚಾಗಿರುವ ಕಡೆ ಇದನ್ನೆಲ್ಲ ಇನ್ನೂ ಗಮನವಿಟ್ಟು ನೋಡಬೇಕು.

ಈ 45 ದಿನ ಕಡಿಮೆಯೇ ಎಂದೂ ಕೇಳಿದ್ದೀರಿ. 2019ರಲ್ಲಿ ಬಿಎಸ್‌ಎನ್‌ಎಲ್ ಕೊಟ್ಟದ್ದು ಮಾಡಿದ ಸರ್ವಿಸ್‌ಗೆ ವರ್ಷಕ್ಕೆ 35 ದಿನ, ಉಳಿದ ಸರ್ವಿಸ್‌ಗೆ ವರ್ಷಕ್ಕೆ 25 ದಿನ. ಆ ಸೂತ್ರದಲ್ಲಿ ನಿಮಗೆ 1,015 ದಿನ ಆಗುತ್ತದೆ, ನಿಮ್ಮ ಕಂಪನಿ ಕೊಡುತ್ತಿರುವುದು 1,080 ದಿನ. ಜಿಪುಣತನವಲ್ಲ. ಆದರೆ ಅಲ್ಲಿ ಹೊರಟ 78 ಸಾವಿರಕ್ಕೂ ಹೆಚ್ಚು ನೌಕರರಿಗೆ ಬೆನ್ನಿಗೆ ಪಿಂಚಣಿ ಇತ್ತು. ನಿಮಗಿರುವುದು ಇಪಿಎಸ್ (ಪಿಎಫ್ ಜೊತೆಗಿನ ನೌಕರರ ಪಿಂಚಣಿ ಯೋಜನೆ) ಪಿಂಚಣಿ; ಅದನ್ನು 58ಕ್ಕೆ ಮುಂಚೆ ತೆಗೆದುಕೊಂಡರೆ ಪ್ರತಿ ವರ್ಷಕ್ಕೆ ಶೇ 4 ಕಡಿತ, ಅದೂ ಜೀವನಪೂರ್ತಿ. ಕೆಲಸ ಬಿಟ್ಟರೂ ಅದನ್ನು ಮುಟ್ಟಬೇಡಿ.

ಒಪ್ಪುವುದೇ ಆದರೆ ಮೊದಲು ಬದಲಾಯಿಸಬೇಕಾದ್ದು ತಾರೀಖು. ವಿಆರ್‌ಎಸ್ ಪರಿಹಾರದಲ್ಲಿ 5 ಲಕ್ಷಕ್ಕೆ ತೆರಿಗೆ ಇಲ್ಲ, ಜೀವನದಲ್ಲಿ ಒಂದೇ ಸಲ. 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ ಇದು 10(10ಸಿ) ಕಲಂ. ಹೊಸ ತೆರಿಗೆ ಪದ್ಧತಿಯಲ್ಲೂ ಸಿಗುತ್ತದೆ. ಉಳಿದ 12.28 ಲಕ್ಷ ಆ ವರ್ಷದ ಆದಾಯಕ್ಕೆ ಸೇರುತ್ತದೆ. ಮಾರ್ಚ್ 31ಕ್ಕೆ ಹೊರಟರೆ ಇಡೀ ವರ್ಷದ ಸಂಬಳ 8.64 ಲಕ್ಷದ ಜೊತೆ ಕೂಡಿ, 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದು, 20.17 ಲಕ್ಷ. 2025ರ ಬಜೆಟ್ ತಂದ ಹೊಸ ಪದ್ಧತಿಯ ದರದಲ್ಲಿ ಸೆಸ್ ಸೇರಿ ತೆರಿಗೆ ಸುಮಾರು 2.12 ಲಕ್ಷ. ಏಪ್ರಿಲ್ 1ಕ್ಕೆ ಹೊರಟರೆ? ಹೊಸ ವರ್ಷದ ಆದಾಯ ಸುಮಾರು 11.53 ಲಕ್ಷ, 12 ಲಕ್ಷದೊಳಗೆ, ತೆರಿಗೆ ಸೊನ್ನೆ. ಒಂದು ದಿನಕ್ಕೆ ಎರಡು ಲಕ್ಷ. ಬ್ಯಾಂಕ್ ಬಡ್ಡಿಯಿಂದ 12 ಲಕ್ಷ ಸ್ವಲ್ಪ ದಾಟಿದರೂ, ದಾಟಿದ ಮೊತ್ತಕ್ಕಿಂತ ಹೆಚ್ಚು ತೆರಿಗೆ ಬೀಳದಂತೆ ರಿಯಾಯಿತಿ ಇದೆ. ಅದೇ ವರ್ಷ ಬೇರೆ ಕೆಲಸದ ಸಂಬಳ ಶುರುವಾದರೆ ಮಾತ್ರ ಲಾಭ ಕರಗುತ್ತದೆ. ‘ರಿಲೀವ್ ಮಾರ್ಚ್‌ಗೆ, ಚೆಕ್ ಏಪ್ರಿಲ್‌ಗೆ’ ಎಂಬ ಏರ್ಪಾಡಿಗೆ ಒಪ್ಪಬೇಡಿ. ಸಂಬಳದ ತೆರಿಗೆಗೆ ಹಣ ಸಲ್ಲಬೇಕಾದ ದಿನ ಮತ್ತು ಕೈಸೇರಿದ ದಿನಗಳಲ್ಲಿ ಯಾವುದು ಮೊದಲೋ ಅದೇ ಲೆಕ್ಕ.

ಇನ್ನೊಂದು ಮಾತು. ‘ವಿಆರ್‌ಎಸ್ ತಗೊಳ್ಳಿ, ನಮ್ಮದೇ ಇನ್ನೊಂದು ಕಂಪನಿಯಲ್ಲಿ ಕಾಂಟ್ರಾಕ್ಟ್ ಮೇಲೆ ಹಾಕಿಕೊಳ್ತೀವಿ’ ಎಂದು ಸೂಪರ್‌ವೈಸರ್ ಹೇಳಿದ್ದನ್ನು ನಂಬಬೇಡಿ. ತೆರಿಗೆ ವಿನಾಯಿತಿಯ ನಿಯಮವೇ (1962ರ ಆದಾಯ ತೆರಿಗೆ ನಿಯಮಗಳಲ್ಲಿ 2ಬಿಎ) ಅದನ್ನು ತಡೆಯುತ್ತದೆ: ಖಾಲಿಯಾದ ಜಾಗ ತುಂಬುವಂತಿಲ್ಲ, ಹೊರಟವರನ್ನು ಅದೇ ಮಾಲೀಕತ್ವದ ಬೇರೆ ಕಂಪನಿಗೆ ಸೇರಿಸಿಕೊಳ್ಳುವಂತಿಲ್ಲ.

ನಮ್ಮ ಅಭಿಪ್ರಾಯ: ಪಿಎಫ್ ಜಮೆ ಸರಿಯಾಗಿದ್ದು, ಮೆಷಿನ್‌ಗಳು ಅಲ್ಲೇ ಇದ್ದು, ಕೈಯಲ್ಲಿ ಬೇರೆ ಕೆಲಸದ ಲಿಖಿತ ಆಫರ್ ಇಲ್ಲದಿದ್ದರೆ ಸಹಿ ಹಾಕಬೇಡಿ. ಮಗಳ ಇನ್ನೆರಡು ವರ್ಷದ ಫೀಸು ನಿಮ್ಮ ಸಂಬಳದಿಂದಲೇ ಹೋಗಲಿ. 40 ಸಾವಿರದ ಕೆಲಸ ಈಗಲೇ ಸಿಕ್ಕಿದ್ದು, ಕಾರ್ಖಾನೆಯ ಲಕ್ಷಣವೂ ಚೆನ್ನಾಗಿಲ್ಲದಿದ್ದರೆ, ಏಪ್ರಿಲ್ ತಾರೀಖು ಕೇಳಿ ಹೊರಡಿ. ಅರ್ಜಿ ಕೊಡುವ ಮುಂಚೆ, ಅದನ್ನು ಹಿಂತೆಗೆದುಕೊಳ್ಳಲು ಕೊನೆಯ ದಿನ ಯಾವುದು ಎಂದು ಸ್ಕೀಮ್ ಪ್ರತಿಯಲ್ಲಿ ಹುಡುಕಿ. ಕಂಪನಿ ಅಂಗೀಕರಿಸಿದ ಮೇಲೆ ವಾಪಸ್ ಬರುವುದು ತೀರ ಕಷ್ಟ.

ಪ್ರಶ್ನೆ: ಬೆಳ್ಳಂದೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿ 9 ವರ್ಷ 7 ತಿಂಗಳಾಯಿತು. ವಯಸ್ಸು 38. ‘ಸ್ವಯಂಪ್ರೇರಿತ’ವಾಗಿ ಹೊರಟರೆ ನಾಲ್ಕು ತಿಂಗಳ ಸಂಬಳ, ಎರಡು ದಿನದಲ್ಲಿ ಪೋರ್ಟಲ್‌ನಲ್ಲಿ ರಾಜೀನಾಮೆ ಹಾಕಿ ಎಂದು ಎಚ್‌ಆರ್ ಮೀಟಿಂಗ್‌ನಲ್ಲಿ ಹೇಳಿದರು. ಏನು ಮಾಡಲಿ?
– ಓದುಗರೊಬ್ಬರು, ಸರ್ಜಾಪುರ ರಸ್ತೆ

ಉತ್ತರ: ಪೋರ್ಟಲ್ ಮುಟ್ಟುವ ಮುಂಚೆ ಒಂದು ಇಮೇಲ್ ಕಳಿಸಿ: ‘ಇವತ್ತಿನ ಮೀಟಿಂಗ್‌ನಲ್ಲಿ ಕಂಪನಿಯೇ ನನಗೆ ಹೊರಡಲು ಹೇಳಿ ಈ ಮೊತ್ತ ಕೊಡುವುದಾಗಿ ತಿಳಿಸಿದೆ, ವಿವರ ಲಿಖಿತವಾಗಿ ಕೊಡಿ.’ ಪೋರ್ಟಲ್‌ನಲ್ಲಿ ‘ವೈಯಕ್ತಿಕ ಕಾರಣ’ ಆಯ್ಕೆ ಮಾಡಿ ರಾಜೀನಾಮೆ ಹಾಕಿದರೆ ಕಾನೂನಿನ ಕಣ್ಣಿಗೆ ಅದು ಕೆಲಸದಿಂದ ತೆಗೆದದ್ದಾಗುವುದಿಲ್ಲ, ಆಮೇಲೆ ತಗಾದೆ ತೆಗೆಯಲು ದಾಖಲೆಯೂ ಉಳಿಯುವುದಿಲ್ಲ. ಬಲವಂತ ಮಾಡಿದರೆ ಆ ಮೇಲ್‌ನ ಪ್ರತಿಯೊಂದಿಗೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ದೂರು ಕೊಡಬಹುದು.

ನಾಲ್ಕು ತಿಂಗಳಲ್ಲಿ ನೋಟಿಸ್ ಅವಧಿ ಸೇರಿದೆಯೇ ಕೇಳಿ. ಎರಡು ತಿಂಗಳ ನೋಟಿಸ್ ಸೇರಿದ್ದರೆ ಅವರು ಹೆಚ್ಚಾಗಿ ಕೊಡುತ್ತಿರುವುದು ಎರಡೇ ತಿಂಗಳು. 5 ಲಕ್ಷದ ವಿನಾಯಿತಿ ನಿಮಗೆ ಸಿಗುವುದಿಲ್ಲ. ಅದಕ್ಕೆ 10 ವರ್ಷ ಪೂರ್ಣ ಸರ್ವಿಸ್ ಅಥವಾ 40 ವರ್ಷ ವಯಸ್ಸು ಬೇಕು. ಗ್ರಾಚ್ಯುಟಿಗೆ ಮಾತ್ರ ಆರು ತಿಂಗಳು ಮೀರಿದ ಭಾಗ ಪೂರ್ಣ ವರ್ಷವಾಗುವುದರಿಂದ 10 ವರ್ಷದ ಲೆಕ್ಕ ಕೇಳಿ ಪಡೆಯಿರಿ. ಕೊನೆಯ ದಿನ ಐದು ತಿಂಗಳು ಮುಂದಕ್ಕೆ ಹೋದರೆ ಸರ್ವಿಸ್ 10 ವರ್ಷ ಪೂರ್ಣವಾಗುತ್ತದೆ ನಿಜ, ಆದರೆ ಇದು ಎಲ್ಲ ನೌಕರರಿಗೂ ಅನ್ವಯಿಸುವ ಸ್ಕೀಮ್ ಅಲ್ಲದಿದ್ದರೆ ಆಗಲೂ ವಿನಾಯಿತಿ ಸಿಗದು.

ಹಣಕ್ಕಿಂತ ತಾರೀಖು ಕೇಳುವುದು ಇಲ್ಲೂ ಸುಲಭ. ಷೇರು ಆಯ್ಕೆಗಳ (ಸ್ಟಾಕ್ ಆಪ್ಷನ್) ಮುಂದಿನ ಕಂತು ಯಾವಾಗ ನಿಮ್ಮದಾಗುತ್ತದೆ, ಬೋನಸ್ ಯಾವಾಗ ಎಂದು ನೋಡಿ ಅದಕ್ಕೆ ಒಂದು ದಿನ ಆಚೆಯ ದಿನಾಂಕ ಕೇಳಿ. ‘ಒಂದು ವರ್ಷ ಪ್ರತಿಸ್ಪರ್ಧಿ ಕಂಪನಿ ಸೇರಬಾರದು’ ಎಂಬ ಸಾಲು ಕಂಡು ಹೆದರಬೇಡಿ. ಕೆಲಸ ಬಿಟ್ಟ ಮೇಲೆ ಅಂಥ ನಿರ್ಬಂಧ 1872ರ ಕರಾರು ಕಾಯ್ದೆಯ 27ನೇ ಕಲಂ ಪ್ರಕಾರ ನಿಲ್ಲುವುದಿಲ್ಲ. ಕಂಪನಿಯ ಗುಟ್ಟು ಹೊರಹಾಕಬಾರದೆಂಬ ಸಾಲು ಮಾತ್ರ ನಿಲ್ಲುತ್ತದೆ.

ಪ್ರಶ್ನೆ: ನಮ್ಮ ಯಜಮಾನರಿಗೆ 56 ವರ್ಷ. ವಿಆರ್‌ಎಸ್ ಹಣ ಮುಂದಿನ ತಿಂಗಳು ಬರುತ್ತದೆ. ಬ್ಯಾಂಕಿನವರು ಇನ್ಶೂರೆನ್ಸ್ ಪ್ಲಾನ್‌ಗೆ ಹಾಕಿ ಎನ್ನುತ್ತಿದ್ದಾರೆ. ಎಲ್ಲಿಡಬೇಕು?
– ಗೃಹಿಣಿ, ವಿಜಯನಗರ

ಉತ್ತರ: ಆ ಪ್ಲಾನ್ ಬೇಡ. ಹಿರಿಯ ನಾಗರಿಕರ ಉಳಿತಾಯ ಯೋಜನೆ 60 ವರ್ಷದವರಿಗೆ ಮಾತ್ರ ಎಂದುಕೊಂಡು ಅನೇಕರು ಬಿಟ್ಟುಬಿಡುತ್ತಾರೆ. 55 ದಾಟಿ ವಿಆರ್‌ಎಸ್ ಪಡೆದವರೂ ನಿವೃತ್ತಿ ಹಣ ಬಂದ ಮೂರು ತಿಂಗಳೊಳಗೆ ಅಂಚೆ ಕಚೇರಿಯಲ್ಲೋ ಬ್ಯಾಂಕಿನಲ್ಲೋ ಖಾತೆ ತೆರೆಯಬಹುದು. ಮಿತಿ 30 ಲಕ್ಷ, ಅವಧಿ 5 ವರ್ಷ, ಬಡ್ಡಿ ಮೂರು ತಿಂಗಳಿಗೊಮ್ಮೆ. ಹಣ ಬಂದದ್ದಕ್ಕೆ ಕಂಪನಿಯ ಪತ್ರ ತೆಗೆದುಕೊಂಡು ಹೋಗಿ. ಮೂರು ತಿಂಗಳು ದಾಟಿದರೆ ಅವಕಾಶ ಹೋಯಿತು, 60ರವರೆಗೆ ಕಾಯಬೇಕು.

ಉಳಿದದ್ದನ್ನು ಒಂದೇ ಸಹಕಾರ ಬ್ಯಾಂಕಿನಲ್ಲಿ ಅರ್ಧ ಪರ್ಸೆಂಟ್ ಹೆಚ್ಚಿನ ಬಡ್ಡಿಗಾಗಿ ಇಡಬೇಡಿ. ಠೇವಣಿ ವಿಮೆ ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ 5 ಲಕ್ಷದವರೆಗೆ ಮಾತ್ರ. ಎಲ್ಲಕ್ಕಿಂತ ತುರ್ತಾದದ್ದು ಆರೋಗ್ಯ ವಿಮೆ. ಕಂಪನಿಯ ಗ್ರೂಪ್ ಪಾಲಿಸಿ ಸಾಮಾನ್ಯವಾಗಿ ಕೊನೆಯ ಕೆಲಸದ ದಿನಕ್ಕೇ ನಿಲ್ಲುತ್ತದೆ. ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಳ್ಳಲು ರಿಲೀವ್ ಆಗುವ ಮುಂಚೆಯೇ, ಸಾಧ್ಯವಾದರೆ 45 ದಿನ ಮೊದಲು, ಅರ್ಜಿ ಕೊಡಿ. ಇವರಿಗೆ ಸಕ್ಕರೆ ಕಾಯಿಲೆ ಇದೆ ಎಂದು ಬರೆದಿದ್ದೀರಿ. ಹೊಸದಾಗಿ ಪಾಲಿಸಿ ಮಾಡಿಸಿದರೆ ಹಳೆಯ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಿಸಬಹುದು. ಹೀಗೆ ಬದಲಾಯಿಸಿಕೊಂಡರೆ ಈಗಾಗಲೇ ಕಳೆದ ವರ್ಷಗಳ ಲೆಕ್ಕ ಜೊತೆಗೆ ಬರುತ್ತದೆ.