ಗ್ರೀನ್ ಟೀ ಪ್ರತಿಸಲ ಕಹಿಯಾಗುತ್ತದೆ, ಯಾಕೆ? ಬೇರೆ ಬಗೆಯ ಚಹಾಗಳನ್ನು ಹೇಗೆ ಮಾಡಬೇಕು?

ಬಹುಪಾಲು ಸಲ ತಪ್ಪು ಎಲೆಯದ್ದಲ್ಲ, ನೀರಿನದ್ದು. ಕುದಿಯುವ ನೀರು ಹಾಕಿದರೆ ಎಲೆಯಲ್ಲಿರುವ ಕ್ಯಾಟೆಚಿನ್ ಮತ್ತು ಕೆಫೀನ್ ಬೇಗ, ಹೆಚ್ಚಾಗಿ ಬಿಟ್ಟುಕೊಳ್ಳುತ್ತವೆ. ಕಹಿ, ಒಗರು ಎರಡೂ ಅಲ್ಲಿಂದಲೇ.

ಗ್ರೀನ್ ಟೀಗೆ 75–80 ಡಿಗ್ರಿ ಸಾಕು. ಥರ್ಮಾಮೀಟರ್ ಬೇಡ: ಮುಕ್ಕಾಲು ಲೋಟ ಕುದಿಯುವ ನೀರಿಗೆ ಕಾಲು ಲೋಟ ತಣ್ಣೀರು ಬೆರೆಸಿ, ಆಮೇಲೆ ಎಲೆ ಹಾಕಿ. 200 ಮಿಲಿಗೆ 2 ಗ್ರಾಂ, ಎರಡು ನಿಮಿಷ, ತಕ್ಷಣ ಸೋಸಿ. ಚಮಚದ ಅಳತೆ ನಂಬಬೇಡಿ; ಪುಡಿ ಎಲೆ ಚಮಚಕ್ಕೆ 2 ಗ್ರಾಂ ಮೀರಬಹುದು, ಅರಳಿದ ಉದ್ದೆಲೆ ಅದರ ಅರ್ಧವೂ ಬರುವುದಿಲ್ಲ. ಬ್ಯಾಗ್ ಆದರೆ ಕೊನೆಗೆ ಹಿಂಡಬೇಡಿ, ಒಗರೆಲ್ಲ ಕಪ್ಪಿಗೆ ಇಳಿಯುತ್ತದೆ.

ಬ್ಲ್ಯಾಕ್ ಟೀ ಇದಕ್ಕೆ ತದ್ವಿರುದ್ಧ. ಅದೇ ಗಿಡದ ಎಲೆಯನ್ನು ಪೂರ್ತಿ ಆಕ್ಸಿಡೀಕರಣಕ್ಕೆ, ಅಂದರೆ ಗಾಳಿ ತಾಗಿ ಕಪ್ಪಾಗುವುದಕ್ಕೆ, ಬಿಟ್ಟಿರುವುದರಿಂದ ಕುದಿನೀರೇ ಬೇಕು, 3–4 ನಿಮಿಷ. ನೀರು ಆರಿದ್ದರೆ ಸಪ್ಪೆ. ಊಲಾಂಗ್ ಇವೆರಡರ ನಡುವಿನದು: 90 ಡಿಗ್ರಿ, 3 ನಿಮಿಷ. ಅದರ ಎಲೆಯನ್ನು ಒಂದೇ ಸಲಕ್ಕೆ ಎಸೆಯುವುದು ದಂಡ. ಇನ್ನೆರಡು ಸಲ ಬಿಸಿನೀರು ಹಾಕಬಹುದು, ಎಷ್ಟೋ ಸಲ ಎರಡನೆಯದೇ ಹೆಚ್ಚು ರುಚಿ. ಕ್ಯಾಮೊಮೈಲ್, ದಾಸವಾಳದಂಥವು ಚಹಾ ಗಿಡದವಲ್ಲ, ಕೆಫೀನ್ ಇಲ್ಲ; ಕುದಿನೀರಿನಲ್ಲಿ 5 ನಿಮಿಷ ಬಿಟ್ಟರೂ ಅಡ್ಡಿಯಿಲ್ಲ.

ಇಷ್ಟಾದರೂ ಕಹಿ ಅನಿಸಿದರೆ ತಣ್ಣೀರಿನ ದಾರಿ ಹಿಡಿಯಿರಿ: ಅರ್ಧ ಲೀಟರ್ ನೀರಿಗೆ 5 ಗ್ರಾಂ ಎಲೆ, ಫ್ರಿಜ್‌ನಲ್ಲಿ 6–8 ಗಂಟೆ. ಕಹಿ ತೀರಾ ಕಡಿಮೆ, ಸಿಹಿಯ ಎಳೆ ಎದ್ದು ಕಾಣುತ್ತದೆ.

ಡಬ್ಬಿ ಗಾಳಿಯಾಡದಂತಿರಲಿ, ಮಸಾಲೆ ಡಬ್ಬಿಗಳಿಂದ ದೂರವಿರಲಿ. ಚಹಾ ಎಲೆ ಪಕ್ಕದ ವಾಸನೆಯನ್ನೆಲ್ಲ ಹೀರಿಕೊಳ್ಳುತ್ತದೆ.