ಯುದ್ಧದಲ್ಲಿ ಜನ ಕಳೆದುಕೊಂಡದ್ದಕ್ಕೆ ಸರ್ಕಾರಗಳು ಬೆಲೆ ಕಟ್ಟುವ ಬಗೆ

ನೀವು ಮೂರು ವಿಷಯ ಕೇಳಿದ್ದೀರಿ: ಯುದ್ಧದಲ್ಲಿ ಸಾಮಾನ್ಯ ಜನ ಕಳೆದುಕೊಂಡ ಸಾಮಾನು, ಸಂಬಳ, ಉಳಿತಾಯಕ್ಕೆ ಎದುರು ದೇಶದಿಂದ ಪರಿಹಾರ ಸಿಗುತ್ತದೆಯೆ, ಸಿಗುವುದಾದರೆ ಯಾರು, ಯಾವ ಲೆಕ್ಕದ ಮೇಲೆ ಮೊತ್ತ ನಿಗದಿ ಮಾಡುತ್ತಾರೆ, 1990ರಲ್ಲಿ ಕುವೈತಿನಿಂದ ಬರಿಗೈಯಲ್ಲಿ ಮರಳಿದ ನಿಮ್ಮ ತಂದೆಯವರಂಥವರು ಈಗಲೂ ಅರ್ಜಿ ಹಾಕಬಹುದೆ. ನಾನು ವೃತ್ತಿಯಿಂದ ಲೆಕ್ಕಪರಿಶೋಧಕ, ಕಾನೂನು ಪಂಡಿತನಲ್ಲ. ಆದರೆ ತೊಂಬತ್ತರ ದಶಕದ ಆರಂಭದಲ್ಲಿ, ಉಡುಪಿಯಲ್ಲಿ ಆರ್ಟಿಕಲ್‌ಶಿಪ್ (ಲೆಕ್ಕಪರಿಶೋಧಕನಾಗಲು ಬೇಕಾದ ತರಬೇತಿ) ಮಾಡುತ್ತಿದ್ದಾಗ, ಕುವೈತಿನಿಂದ ವಾಪಸಾಗಿದ್ದ ನನ್ನ ಚಿಕ್ಕಪ್ಪನ ಪರಿಹಾರದ ಅರ್ಜಿಯನ್ನು ತುಂಬಿದವನು ನಾನೇ. ಆ ಒಂದು ಅರ್ಜಿಯ ದೆಸೆಯಿಂದ ಇಡೀ ವ್ಯವಸ್ಥೆಯನ್ನು ಓದಿಕೊಳ್ಳುವ ಚಟ ಹತ್ತಿತು.

ಮೊದಲು ತಿಳಿಯಬೇಕಾದದ್ದು, ಹಳೆಯ ಕಾನೂನಿನ ದೃಷ್ಟಿಯಲ್ಲಿ ಈ ಹಕ್ಕು ನಿಮ್ಮ ತಂದೆಯವರದಲ್ಲ, ಅವರ ದೇಶದ್ದು. ಪ್ರಜೆಗಾದ ಅನ್ಯಾಯವನ್ನು ಸರ್ಕಾರ ತನಗೇ ಆದ ಅನ್ಯಾಯವೆಂದು ಎತ್ತಿಕೊಂಡು ಇನ್ನೊಂದು ಸರ್ಕಾರದ ಮುಂದೆ ಇಡುತ್ತದೆ. ಎತ್ತಿಕೊಳ್ಳುವುದೂ ಬಿಡುವುದೂ ಸರ್ಕಾರದ ಇಷ್ಟ. ಎರಡನೆಯ ಮಹಾಯುದ್ಧದ ನಂತರ ಭಾರತ ಮತ್ತು ಜಪಾನ್ 1952ರ ಜೂನ್ 9ರಂದು ಮಾಡಿಕೊಂಡ ಶಾಂತಿ ಒಪ್ಪಂದದಲ್ಲಿ ಭಾರತವು ತನ್ನ ಹಕ್ಕುಗಳ ಜೊತೆಗೆ, ಯುದ್ಧಕಾಲದ ಕೃತ್ಯಗಳಿಗೆ ಸಂಬಂಧಿಸಿದ ತನ್ನ ಪ್ರಜೆಗಳ ಹಕ್ಕುಗಳನ್ನೂ ಬಿಟ್ಟುಕೊಟ್ಟಿತು. ಆ ಪ್ರಜೆಗಳನ್ನು ಕೇಳಿ ಬಿಟ್ಟದ್ದಲ್ಲ. ಹೆಚ್ಚಿನ ಯುದ್ಧಗಳ ಲೆಕ್ಕ ಹೀಗೆಯೇ ಮುಗಿದಿದೆ: ಒಂದೋ ಮನ್ನಾ, ಇಲ್ಲವೆ ಒಟ್ಟಿಗೆ ಒಂದು ಇಡಿಗಂಟು ಪಡೆದು ಸರ್ಕಾರವೇ ತನಗೆ ತೋಚಿದಂತೆ ಹಂಚುವುದು.

ಕುವೈತಿನ ಪ್ರಕರಣ ಇದಕ್ಕೆ ದೊಡ್ಡ ಅಪವಾದ. 1990ರ ಆಗಸ್ಟ್ 2ರಂದು ಇರಾಕ್ ಕುವೈತನ್ನು ಆಕ್ರಮಿಸಿತು. ಇರಾಕ್ ಸೋತ ಮೇಲೆ, 1991ರ ಏಪ್ರಿಲಿನಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ 687ನೆಯ ನಿರ್ಣಯವು, ಆಕ್ರಮಣದಿಂದ ವಿದೇಶಿ ಸರ್ಕಾರಗಳಿಗೆ, ಪ್ರಜೆಗಳಿಗೆ ಮತ್ತು ಕಂಪನಿಗಳಿಗೆ ಆದ ನೇರ ನಷ್ಟಕ್ಕೆಲ್ಲ ಇರಾಕ್ ಹೊಣೆ ಎಂದು ಸಾರಿತು. ಮರುತಿಂಗಳು 692ನೆಯ ನಿರ್ಣಯದ ಮೂಲಕ ವಿಶ್ವಸಂಸ್ಥೆಯ ಪರಿಹಾರ ಆಯೋಗ ಹುಟ್ಟಿತು. ಜಿನೀವಾದಲ್ಲಿ ಅದರ ಕಚೇರಿ. ಹೊಣೆ ಯಾರದು ಎಂಬ ವಾದ ಅಲ್ಲಿಗೇ ಮುಗಿದಿತ್ತು. ಆಯೋಗಕ್ಕೆ ಉಳಿದ ಕೆಲಸ ಎರಡೇ: ನಷ್ಟ ನಿಜವೆ, ಎಷ್ಟು. ಅದು ನ್ಯಾಯಾಲಯವಾಗಿರಲಿಲ್ಲ, ಭದ್ರತಾ ಮಂಡಳಿಯ ಹದಿನೈದು ಸದಸ್ಯ ದೇಶಗಳೇ ಅದರ ಆಡಳಿತ ಮಂಡಳಿ. ಮೂವರು ಆಯುಕ್ತರ ಪೀಠಗಳು ಅರ್ಜಿಗಳನ್ನು ಪರಿಶೀಲಿಸಿ ಶಿಫಾರಸು ಮಾಡುತ್ತಿದ್ದವು, ಆಡಳಿತ ಮಂಡಳಿ ಒಪ್ಪಿಗೆ ಹಾಕುತ್ತಿತ್ತು. ಇರಾಕಿಗೆ ತನ್ನ ಅಭಿಪ್ರಾಯ ಹೇಳಲು ಅವಕಾಶವಿತ್ತಾದರೂ, ಪ್ರತಿಯೊಂದು ಅರ್ಜಿಯನ್ನೂ ಪ್ರತಿವಾದಿಯಂತೆ ನಿಂತು ಎದುರಿಸುವ ಹಕ್ಕಿರಲಿಲ್ಲ. ಇದು ನ್ಯಾಯವೆ ಎಂದು ಕೇಳಿದವರಿದ್ದಾರೆ, ಆ ಪ್ರಶ್ನೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಬಂದದ್ದು ಸುಮಾರು 27 ಲಕ್ಷ ಅರ್ಜಿಗಳು. ಒಂದೊಂದಕ್ಕೂ ಸಾಕ್ಷಿ, ಪಾಟಿ ಸವಾಲು ಎಂದು ಹೊರಟಿದ್ದರೆ ಮೊಮ್ಮಕ್ಕಳ ಕಾಲಕ್ಕೂ ಮುಗಿಯುತ್ತಿರಲಿಲ್ಲ.

ಹೀಗಾಗಿ ಆಯೋಗವು ಅರ್ಜಿಗಳನ್ನು ಆರು ವರ್ಗಗಳಾಗಿ ವಿಂಗಡಿಸಿತು. ಎ ವರ್ಗ ಎಂದರೆ ಇರಾಕ್ ಅಥವಾ ಕುವೈತನ್ನು 1990ರ ಆಗಸ್ಟ್ 2 ಮತ್ತು 1991ರ ಮಾರ್ಚ್ 2ರ ನಡುವೆ ಬಿಟ್ಟು ಹೊರಡಬೇಕಾದವರು. ಬಿ ಎಂದರೆ ಗಂಭೀರ ಗಾಯಗೊಂಡವರು ಅಥವಾ ಹೆಂಡತಿ, ಗಂಡ, ಮಕ್ಕಳು, ತಂದೆತಾಯಿಯರನ್ನು ಕಳೆದುಕೊಂಡವರು. ಸಿ ಎಂದರೆ ಒಂದು ಲಕ್ಷ ಡಾಲರ್‌ವರೆಗಿನ ವೈಯಕ್ತಿಕ ನಷ್ಟ. ಡಿ ಎಂದರೆ ಅದಕ್ಕಿಂತ ಹೆಚ್ಚಿನದು. ಇ ಕಂಪನಿಗಳಿಗೆ, ಎಫ್ ಸರ್ಕಾರಗಳಿಗೆ. ಸಣ್ಣವರಿಗೆ ಮೊದಲು, ದೊಡ್ಡವರಿಗೆ ಆಮೇಲೆ ಎಂಬುದು ಹಣ ಪಾವತಿಯ ಕ್ರಮ. ಯುದ್ಧ ಪರಿಹಾರದ ಇತಿಹಾಸದಲ್ಲಿ ಇಂಥ ಸರದಿ ಅಪರೂಪ.

ಬೆಲೆ ಕಟ್ಟುವ ಗುಟ್ಟು ಎ ವರ್ಗದಲ್ಲಿದೆ. ಅಲ್ಲಿ ಯಾರೂ ನಿಮ್ಮ ನಷ್ಟವನ್ನು ಅಳೆಯಲೇ ಇಲ್ಲ. ಹೊರಟದ್ದು ನಿಜ, ಆ ದಿನಾಂಕಗಳ ನಡುವೆಯೇ ಹೊರಟದ್ದು ನಿಜ ಎಂದು ಸರಳ ದಾಖಲೆಯಿಂದ ತೋರಿಸಿದರೆ ಒಬ್ಬನಿಗೆ 2,500 ಡಾಲರ್, ಕುಟುಂಬಕ್ಕೆ 5,000 ಡಾಲರ್. ಬೇರೆ ಯಾವ ವರ್ಗದಲ್ಲೂ ಅರ್ಜಿ ಹಾಕುವುದಿಲ್ಲವೆಂದು ಒಪ್ಪಿದವರಿಗೆ 4,000 ಮತ್ತು 8,000. ಒಂಬತ್ತು ಲಕ್ಷಕ್ಕೂ ಹೆಚ್ಚು ಅರ್ಜಿಗಳು ಈ ವರ್ಗಕ್ಕೇ ಬಂದವು. ಸರ್ಕಾರಗಳು ಮತ್ತು ಸಾಗಣೆ ಮಾಡಿದ ಸಂಸ್ಥೆಗಳು ಕೊಟ್ಟ ಪ್ರಯಾಣಿಕರ ದಾಖಲೆಗಳೊಡನೆ ಅರ್ಜಿಗಳನ್ನು ಕಂಪ್ಯೂಟರಿನಲ್ಲಿ ತಾಳೆ ನೋಡಿದರು. ತಾಳೆಯಾಗದೆ ಉಳಿದವನ್ನು ಮಾದರಿ ತೆಗೆದು ಪರೀಕ್ಷಿಸಿ, ಆ ಫಲಿತಾಂಶವನ್ನು ಉಳಿದ ರಾಶಿಗೆ ಅನ್ವಯಿಸಿದರು. ನಮ್ಮ ಆಡಿಟ್ ಕೆಲಸದಲ್ಲಿ ನಾವು ವೋಚರುಗಳಿಗೆ ಮಾಡುವುದೂ ಬಹುಮಟ್ಟಿಗೆ ಇದನ್ನೇ.

ಚಿಕ್ಕಪ್ಪನ ವಿಷಯಕ್ಕೆ ಬರುತ್ತೇನೆ. ಅವರ ಬಳಿ ಉಳಿದಿದ್ದದ್ದು ಜೋರ್ಡಾನ್ ಗಡಿಯ ಮೊಹರು ಬಿದ್ದ ಪಾಸ್‌ಪೋರ್ಟ್, ಕುವೈತಿನ ಗುರುತಿನ ಚೀಟಿಯಾದ ಸಿವಿಲ್ ಐಡಿ ಕಾರ್ಡು, ಜೇಬಿನಲ್ಲಿ ಮಡಿಸಿಟ್ಟಿದ್ದ ಜುಲೈ ತಿಂಗಳ ಸಂಬಳದ ಚೀಟಿ. ಬಾಗ್ದಾದ್ ದಾಟಿ ಬಸ್ಸಿನಲ್ಲಿ ಅಮ್ಮಾನ್ ತಲುಪಿ, ಅಲ್ಲಿಂದ ಏರ್ ಇಂಡಿಯಾ ಹಾರಿಸಿದ 488 ವಿಮಾನಗಳ ಪೈಕಿ ಒಂದರಲ್ಲಿ ಮುಂಬಯಿಗೆ ಬಂದವರು ಅವರು. ಎರಡು ಭಾನುವಾರ ಜಗಲಿಯ ಮೇಲೆ ಕುಳಿತು ಪಟ್ಟಿ ಮಾಡಿದೆವು. ಎರಡು ಬಾಗಿಲಿನ ಫ್ರಿಜ್ಜು, ಟಿವಿ, ಹೊಲಿಗೆ ಯಂತ್ರ, ಚಿಕ್ಕಮ್ಮನಿಗೆಂದು ಕೊಂಡು ಪೆಟ್ಟಿಗೆಯಲ್ಲಿಟ್ಟಿದ್ದ ಎರಡು ಬಳೆ, ಕಂಪನಿಯಿಂದ ಬರಬೇಕಿದ್ದ ಹನ್ನೊಂದು ವರ್ಷದ ಇಂಡೆಮ್ನಿಟಿ (ಕೆಲಸ ಬಿಡುವಾಗ ಸಿಗುವ ಸೇವಾ ಹಣ). ಒಂದಕ್ಕೂ ರಸೀದಿ ಇಲ್ಲ. ಓಡುವವನು ರಸೀದಿ ಹುಡುಕುತ್ತ ನಿಲ್ಲುತ್ತಾನೆಯೆ? ಪೇಟೆಯಲ್ಲಿ ಅರ್ಜಿ ಬರೆದು ಕೊಡುತ್ತಿದ್ದ ಒಬ್ಬರು, “ಹೇಗೂ ಕಡಿತ ಮಾಡುತ್ತಾರೆ, ಎಲ್ಲದಕ್ಕೂ ಮೂರು ಪಟ್ಟು ಹಾಕಿ” ಎಂದು ಸಲಹೆ ಕೊಟ್ಟರು. ಚಿಕ್ಕಪ್ಪ ಒಪ್ಪಲಿಲ್ಲ, ಫ್ರಿಜ್ಜು ನಾಲ್ಕು ವರ್ಷ ಹಳೆಯದು ಎಂಬುದನ್ನೂ ಬರೆಸಿದರು.

ನಿಜವಾದ ಚರ್ಚೆ ನಡೆದದ್ದು ಬೇರೆ ವಿಷಯಕ್ಕೆ: ಎ ವರ್ಗದಲ್ಲಿ 4,000ಕ್ಕೆ ಗುರುತು ಹಾಕಿ ಸುಮ್ಮನಾಗುವುದೆ, ಅಥವಾ 2,500ಕ್ಕೆ ಒಪ್ಪಿ ಪಟ್ಟಿಯನ್ನೆಲ್ಲ ಸಿ ವರ್ಗದಲ್ಲಿ ಕೇಳುವುದೆ. ಎರಡೂ ಬೇಕೆಂದು 4,000ಕ್ಕೆ ಗುರುತು ಹಾಕಿ ಸಿ ಅರ್ಜಿಯನ್ನೂ ಕೊಟ್ಟವರನ್ನು ಕೆಳಗಿನ ಮೊತ್ತ ಆಯ್ದುಕೊಂಡವರೆಂದೇ ಆಯೋಗ ಆಮೇಲೆ ಪರಿಗಣಿಸಿತು. ಚಿಕ್ಕಪ್ಪ ಸಿ ವರ್ಗವನ್ನು ಆರಿಸಿಕೊಂಡರು. ವರ್ಷಗಳ ನಂತರ ಮೊತ್ತ ಬಂದಾಗ ಸಂಬಳದ ಭಾಗ ಹೆಚ್ಚು ಕಡಿತವಿಲ್ಲದೆ ನಿಂತಿತ್ತು, ಸಾಮಾನಿನ ಭಾಗ ಸಾಕಷ್ಟು ಸೊರಗಿತ್ತು.

ಅದಕ್ಕೆ ಕಾರಣ ಸಿ ವರ್ಗದ ಲೆಕ್ಕದ ರೀತಿ. ಅಲ್ಲಿ ನಷ್ಟವನ್ನು ಬಗೆಬಗೆಯಾಗಿ ಒಡೆದಿದ್ದರು: ಊರು ಬಿಟ್ಟದ್ದರ ಖರ್ಚು ಮತ್ತು ಮಾನಸಿಕ ಯಾತನೆ, ಗಾಯ, ಸಾವು, ವೈಯಕ್ತಿಕ ಸಾಮಾನು, ಬ್ಯಾಂಕ್ ಖಾತೆ, ಸಂಬಳ, ಸ್ಥಿರಾಸ್ತಿ, ಸಣ್ಣ ವ್ಯಾಪಾರ. ಸಂಬಳಕ್ಕೆ ಒಂದು ಸಾಮಾನ್ಯ ಸೂತ್ರ ಇಟ್ಟುಕೊಂಡು, ತಿಂಗಳ ಸಂಬಳವನ್ನು ಇಂತಿಷ್ಟು ತಿಂಗಳಿಗೆ ಗುಣಿಸುತ್ತಿದ್ದರು. ಸಂಬಳ ಎಷ್ಟೆಂದು ತೋರಿಸಿದರೆ ಮುಗಿಯಿತು. ಸಾಮಾನಿನ ವಿಷಯದಲ್ಲಿ ಒಬ್ಬನ ಪಟ್ಟಿಯನ್ನು ಅವನಂಥ ಸಾವಿರಾರು ಅರ್ಜಿದಾರರ ಪಟ್ಟಿಗಳ ಪಕ್ಕದಲ್ಲಿಟ್ಟು, ಅದೇ ವರಮಾನದ, ಅಷ್ಟೇ ದೊಡ್ಡ ಕುಟುಂಬದವರು ಸಾಮಾನ್ಯವಾಗಿ ಏನೇನು ಹೊಂದಿರಬಹುದೆಂದು ಸಂಖ್ಯಾಶಾಸ್ತ್ರದ ನೆರವಿನಿಂದ ಅಂದಾಜು ಮಾಡುತ್ತಿದ್ದರು. ಅಂದರೆ ಉಬ್ಬಿಸಿ ಬರೆದವನ ಸುಳ್ಳು ಆ ರಾಶಿಯಲ್ಲಿ ಎದ್ದು ಕಾಣುತ್ತಿತ್ತು. ಆದರೆ ಸತ್ಯ ಬರೆದವನ ಸತ್ಯಕ್ಕೂ ಅಷ್ಟಾಗಿ ಬೆಲೆ ಸಿಗಲಿಲ್ಲ, ಸರಾಸರಿಯೇ ಗೆದ್ದಿತು. ಚಿಕ್ಕಪ್ಪನಿಗೆ ಇದು ಕೊನೆಯವರೆಗೂ ಅವಮಾನವೆನಿಸಿತ್ತು. ನನಗೆ ಹಾಗನಿಸುವುದಿಲ್ಲ. ರಸೀದಿ ಇಲ್ಲದವನಿಂದ ರಸೀದಿ ಕೇಳುವ ವ್ಯವಸ್ಥೆಯಾಗಿದ್ದರೆ ಅವರಿಗೆ ಸೊನ್ನೆ ಬರುತ್ತಿತ್ತು, ಆ ಹಣವೆಲ್ಲ ಕಡತ ಉಳಿಸಿಕೊಂಡ ಕಂಪನಿಗಳ ಪಾಲಾಗುತ್ತಿತ್ತು. ಯುದ್ಧ ಪರಿಹಾರದಲ್ಲಿ ಮೌಲ್ಯಮಾಪನ ಎಂದರೆ ಮುಖ್ಯವಾಗಿ ಯಾರಿಂದ ಎಷ್ಟು ಪುರಾವೆ ಕೇಳಬೇಕೆಂಬ ತೀರ್ಮಾನ. ಮೊತ್ತ ಅದರ ಹಿಂದೆ ಬರುತ್ತದೆ. ಬಡವನಿಂದ ಕಡಿಮೆ ಪುರಾವೆ, ಕೋಟಿ ಕೇಳುವವನಿಂದ ಕಟ್ಟುಗಟ್ಟಲೆ ಪುರಾವೆ ಎಂಬ ಏರಿಕೆಯ ಕ್ರಮವನ್ನು ಆಯೋಗ ಸರಿಯಾಗಿಯೇ ಹಿಡಿದಿತ್ತು.

‘ನೇರ ನಷ್ಟ’ ಎಂಬ ಮಾತು ಸಹ ಬಹಳ ಜನರನ್ನು ಹೊರಗಿಟ್ಟಿತು. ಇರಾಕಿನ ಮೇಲೆ ವಿಶ್ವಸಂಸ್ಥೆ ಹೇರಿದ ವ್ಯಾಪಾರ ದಿಗ್ಬಂಧನದಿಂದ ಮಾತ್ರವೇ ಆದ ನಷ್ಟಕ್ಕೆ ಪರಿಹಾರವಿಲ್ಲ ಎಂದು ಆಯೋಗದ ಆಡಳಿತ ಮಂಡಳಿ ಹೇಳಿತು. ಆಕ್ರಮಣಕ್ಕೆ ಮುಂಚಿನ ಇರಾಕಿನ ಸಾಲಗಳೂ ಹೊರಗೆ. ಇರಾಕಿನಲ್ಲಿ ದುಡಿದು ಬ್ಯಾಂಕಿನ ಮೂಲಕ ಊರಿಗೆ ಕಳಿಸಿದ ಹಣ ತಲುಪಲೇ ಇಲ್ಲವೆಂದು ಈಜಿಪ್ಟಿನ ಲಕ್ಷಾಂತರ ಕಾರ್ಮಿಕರ ಪರವಾಗಿ ಆ ದೇಶ ಒಟ್ಟಾರೆ ಅರ್ಜಿ ಸಲ್ಲಿಸಿತ್ತು. ಅದರಲ್ಲಿ ದೊಡ್ಡ ಭಾಗ ಈ ಗೆರೆಗೆ ಸಿಕ್ಕಿ ಬಿದ್ದುಹೋಯಿತು. ಪ್ಯಾಲೆಸ್ತೀನಿಯರಿಗಂತೂ ಅರ್ಜಿ ಒಯ್ಯಲು ಸರ್ಕಾರವೇ ಇರಲಿಲ್ಲ. ಅವರ ಪರವಾಗಿ ವಿಶ್ವಸಂಸ್ಥೆಯ ಅಂಗಸಂಸ್ಥೆಗಳು ಅರ್ಜಿ ಸಲ್ಲಿಸಬೇಕಾಯಿತು.

ಹಣ ಬಂದದ್ದು ಇರಾಕಿನ ತೈಲದಿಂದ. ತೈಲ ವರಮಾನದ ಗರಿಷ್ಠ ಶೇ. 30ರಷ್ಟನ್ನು ಪರಿಹಾರ ನಿಧಿಗೆ ತೆಗೆದುಕೊಳ್ಳಬಹುದೆಂದು 1991ರಲ್ಲೇ ನಿಗದಿಯಾದರೂ, ಇರಾಕ್ ತೈಲ ಮಾರಲು ಒಪ್ಪಿ ‘ಆಹಾರಕ್ಕಾಗಿ ತೈಲ’ ಯೋಜನೆ 1996ರ ಡಿಸೆಂಬರಿನಲ್ಲಿ ಚಾಲನೆಗೆ ಬರುವವರೆಗೆ ನಿಧಿ ಹೆಚ್ಚುಕಡಿಮೆ ಬರಿದಾಗಿತ್ತು. ಚಿಕ್ಕಪ್ಪನಂಥವರು ಅಷ್ಟು ವರ್ಷ ಅಂಚೆಯವನ ದಾರಿ ಕಾದದ್ದು ಇದಕ್ಕೇ. ಆಮೇಲೆ ಆ ಪ್ರಮಾಣ 2000ದಲ್ಲಿ ಶೇ. 25ಕ್ಕೆ, 2003ರಲ್ಲಿ ಶೇ. 5ಕ್ಕೆ ಇಳಿಯಿತು. ಅದೇ ವರ್ಷಗಳಲ್ಲಿ ಇರಾಕಿನ ಮಕ್ಕಳಿಗೆ ಔಷಧಿ ಇರಲಿಲ್ಲ ಎಂಬುದನ್ನು ನೆನೆದರೆ ಈ ಕೈಬರೆಹದ ಪಟ್ಟಿಗಳ ಬಗ್ಗೆ ನೆಮ್ಮದಿಯಿಂದ ಬರೆಯುವುದು ಕಷ್ಟ. ಒಟ್ಟು ಕೇಳಿದ್ದು ಸುಮಾರು 352.5 ಶತಕೋಟಿ ಡಾಲರ್, ಮಂಜೂರಾದದ್ದು 52.4 ಶತಕೋಟಿ, ಸುಮಾರು 15 ಲಕ್ಷ ಅರ್ಜಿದಾರರಿಗೆ. ಅತಿ ದೊಡ್ಡ ಮೊತ್ತ, 14.7 ಶತಕೋಟಿ ಡಾಲರ್, ಕುವೈತಿನ ತೈಲಬಾವಿಗಳಿಗೆ ಬೆಂಕಿ ಬಿದ್ದ ನಷ್ಟಕ್ಕೆ ಅಲ್ಲಿನ ಸರ್ಕಾರಿ ತೈಲ ಸಂಸ್ಥೆಗೆ ಸಂದಿತು.

ನಮ್ಮ ಕಡೆ ಈ ಅರ್ಜಿಗಳನ್ನು ಒಟ್ಟುಗೂಡಿಸಿ ಜಿನೀವಾಕ್ಕೆ ಕಳಿಸಿದ್ದು ವಿದೇಶಾಂಗ ಸಚಿವಾಲಯದ ವಿಶೇಷ ಕುವೈತ್ ಘಟಕ. ಆಯೋಗ ಹಣವನ್ನು ವ್ಯಕ್ತಿಗಳ ಕೈಗೆ ಕೊಡಲಿಲ್ಲ, ಸರ್ಕಾರಗಳಿಗೆ ಕೊಟ್ಟಿತು. ಆದರೆ ಹಳೆಯ ಇಡಿಗಂಟಿನ ಪದ್ಧತಿಯಂತೆ ಇಷ್ಟಬಂದಂತೆ ಹಂಚುವ ಹಾಗಿರಲಿಲ್ಲ: ನಿಗದಿತ ಅವಧಿಯಲ್ಲಿ ಅರ್ಜಿದಾರರಿಗೆ ತಲುಪಿಸಿ ವರದಿ ಕೊಡಬೇಕಿತ್ತು, ವಿಳಾಸ ಸಿಗದವರ ಹಣವನ್ನು ಆಯೋಗಕ್ಕೇ ಮರಳಿಸಬೇಕಿತ್ತು. ಮನೆ ಬದಲಿಸಿ ಹೊಸ ವಿಳಾಸ ತಿಳಿಸದೆ ಹಣ ಕಳೆದುಕೊಂಡವರು ನಮ್ಮ ಕರಾವಳಿಯಲ್ಲೂ ಇದ್ದಾರೆ.

ಆಫ್ರಿಕಾದ ನೆರೆಹೊರೆಯ ದೇಶಗಳಾದ ಎರಿಟ್ರಿಯಾ ಮತ್ತು ಇಥಿಯೋಪಿಯಾ ನಡುವಿನ ಯುದ್ಧಕ್ಕೆ 2000ದ ಡಿಸೆಂಬರಿನ ಅಲ್ಜಿಯರ್ಸ್ ಒಪ್ಪಂದದಡಿ ರಚನೆಯಾದ ಆಯೋಗ ಇದಕ್ಕೆ ತದ್ವಿರುದ್ಧ ದಾರಿ ಹಿಡಿಯಿತು. ಅಲ್ಲಿ ಎರಡೂ ಸರ್ಕಾರಗಳು ಬಹುತೇಕ ತಮ್ಮ ಹೆಸರಿನಲ್ಲೇ ವಾದಿಸಿದವು. 2009ರ ಆಗಸ್ಟಿನಲ್ಲಿ ಇಥಿಯೋಪಿಯಾಕ್ಕೆ ಸುಮಾರು 17.4 ಕೋಟಿ ಡಾಲರ್, ಎರಿಟ್ರಿಯಾಕ್ಕೆ ಸುಮಾರು 16.1 ಕೋಟಿ ಡಾಲರ್ ಎಂದು ತೀರ್ಪಾಯಿತು. ಎರಿಟ್ರಿಯಾದ ಪ್ರಜೆಗಳ ಹೆಸರಿನಲ್ಲಿ ಪ್ರತ್ಯೇಕವಾಗಿ ಬಂದದ್ದು 20 ಲಕ್ಷ ಡಾಲರಿಗಿಂತ ಸ್ವಲ್ಪ ಹೆಚ್ಚು. ಎರಡು ಬಡ ದೇಶಗಳು ಪರಸ್ಪರ ತೀರಿಸಬೇಕಾದ ಈ ಲೆಕ್ಕದಲ್ಲಿ ಮನೆ ಕಳೆದುಕೊಂಡ ರೈತನಿಗೆ ಜಾಗ ಎಲ್ಲಿದೆ ಎಂದು ಹುಡುಕಿದರೆ ಕಣ್ಣಿಗೆ ಬೀಳುವುದಿಲ್ಲ.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ಈಗ ಅರ್ಜಿ ಹಾಕಲು ಸಾಧ್ಯವಿಲ್ಲ. ಆಯೋಗವು ಕೊನೆಯ ಕಂತನ್ನು 2022ರ ಜನವರಿಯಲ್ಲಿ ಪಾವತಿಸಿತು. ಮರುತಿಂಗಳೇ ಭದ್ರತಾ ಮಂಡಳಿ 2621ನೆಯ ನಿರ್ಣಯದ ಮೂಲಕ ಅದರ ಕೆಲಸ ಮುಗಿಯಿತೆಂದು ಸಾರಿತು. ಹಳೆಯ ಕುವೈತ್ ಪರಿಹಾರ ಕೊಡಿಸುತ್ತೇನೆಂದು ಯಾರಾದರೂ ನಿಮ್ಮ ತಂದೆಯವರಿಂದ ಶುಲ್ಕ ಕೇಳುತ್ತಿದ್ದರೆ ದಯವಿಟ್ಟು ಒಂದು ರೂಪಾಯಿಯನ್ನೂ ಕೊಡಬೇಡಿ.